ಜವಳಿ ತೆಗೆಯುವ ದಿನ

ಮದುವೆಯ ಮುಂಚಿನ ವಾರದಲ್ಲಿ ಮನೆಯ ಯಜಮಾನನ ಮಾತಿಗಿಂತ ಅರಿವೆಯ ಗುಣ ಬಲ್ಲ ಹೆಂಗಸಿನ ಮಾತಿಗೇ ಬೆಲೆ ಹೆಚ್ಚು. ಜೋರಾಪುರ ಪೇಟೆಯ ನಮ್ಮ ಮನೆಯಲ್ಲಿ ಆ ಹೆಂಗಸು ನನ್ನ ಅಕ್ಕ. ಮಗಳ ಮದುವೆಯ ಜವಳಿಗೆಂದು ಹೋದಾಗ, ಅಂಗಡಿಯವನು ಹಾಸಿದ ಇಳಕಲ್ಲ ಸೀರೆಯ ಬಣ್ಣವನ್ನು ನಾವೆಲ್ಲ ಹೊಗಳುತ್ತಿದ್ದರೆ, ಅವಳು ಅದನ್ನು ಮಗುಚಿ, ಒಡಲೂ ಸೆರಗೂ ಕೂಡುವಲ್ಲಿ ಬೆರಳಾಡಿಸಿದಳು. ಅಸಲು ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸಿನ ಎಳೆಗಳಿಗೂ ಸೆರಗಿನ ರೇಷ್ಮೆಯ ಎಳೆಗಳಿಗೂ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಆದುದರಿಂದ ಪ್ರತಿಯೊಂದು ಸೀರೆಗೂ ಹಾಸನ್ನು ಬೇರೆಯಾಗಿಯೇ ಹೂಡಬೇಕು. ಕೆಂಪು ಸೆರಗಿನ ಬಿಳಿಯ ತೆನೆಗಳನ್ನು ಯಾರಾದರೂ ಅನುಕರಿಸಿಯಾರು, ಕೊಂಡಿಯನ್ನು ಅನುಕರಿಸುವುದು ಸುಲಭವಲ್ಲ. ಮೂರು ಸೀರೆಗಳನ್ನು ಸರಿಸಿ ನಾಲ್ಕನೆಯದಕ್ಕೆ ಅಕ್ಕ ತಲೆಯಾಡಿಸಿದಳು.

ಬಳೆಗಾರನ ಅಂಗಡಿಗೆ ಬಂದಾಗ ಮಾತ್ರ ಅವಳು ಮೆಟ್ಟಿಲ ಕೆಳಗೇ ನಿಂತಳು. ಭಾವನವರು ತೀರಿಕೊಂಡು ಒಂಬತ್ತು ವರ್ಷ. ಮದುಮಗಳಿಗೆ ಹಸಿರು ಬಳೆ ಇಡಿಸುವಲ್ಲಿ ಅಂಥವರು ಇರಬಾರದೆಂಬುದು ಯಾರೂ ಬಾಯಿಬಿಟ್ಟು ಹೇಳದ ಕಟ್ಟಳೆ. ಬಸವಣ್ಣನವರು ಹುಟ್ಟಿದ ಬಾಗೇವಾಡಿ ಇರುವುದು ಇದೇ ಜಿಲ್ಲೆಯಲ್ಲಿ ಎಂಬುದನ್ನು ಈ ಕಟ್ಟಳೆ ಎಂಟುನೂರು ವರ್ಷಗಳಿಂದ ಮರೆತುಕೊಂಡೇ ಬಂದಿದೆ.

ಮಗಳು ಮೆಟ್ಟಿಲಿಳಿದು ಹೋಗಿ ಅವಳ ಕೈ ಹಿಡಿದಳು.

“ಅತ್ತಿ, ನನ್ನ ಕೈ ಅಳತಿ ನಿನಗಷ್ಟ ಗೊತ್ತೈತಿ. ಒಳಗ ಬಾ.”

ಜೊತೆಗೆ ಬಂದಿದ್ದ ಹಿರಿಯರೊಬ್ಬರು ಕೆಮ್ಮಿದರು. ಬಳೆಗಾರ ಅದನ್ನು ಕೇಳಿಸಿಕೊಳ್ಳದವನಂತೆ ಅಳತೆ ಎಷ್ಟೆಂದು ವಿಚಾರಿಸಿದ.

“ಎರಡೂಕಾಲು,” ಎಂದಳು ಅಕ್ಕ. “ಗಿಣಿಹಸರು ಬ್ಯಾಡಪಾ, ದಟ್ಟ ಹಸರು ತಗಿ.”

ಕುಂಬಾರರ ಮನೆಯಿಂದ ಐರಾಣಿ ಗಡಿಗೆ ತರುವುದು ಇನ್ನೂ ಬಾಕಿ ಉಳಿದಿತ್ತು.