ಸುಶ್ರುತಸಂಹಿತೆಯಲ್ಲಿ ಶಿಶುವಿನ ಶಿರಸ್ಸು

ಸುಶ್ರುತಸಂಹಿತೆಯ ಶಾರೀರಸ್ಥಾನದ ಹತ್ತನೆಯ ಅಧ್ಯಾಯದಲ್ಲಿ ಶಿಶುವನ್ನು ಎತ್ತಿಕೊಳ್ಳುವ ಕ್ರಮವು ಹೇಳಲ್ಪಟ್ಟಿದೆ. ಕೂಸನ್ನು ಅದರ ಮೈಗೆ ಸುಖವಾಗುವಂತೆ ಹಿಡಿಯಬೇಕು, ಗದರಿಸಬಾರದು, ನಿದ್ರೆಯಿಂದ ಥಟ್ಟನೆ ಎಬ್ಬಿಸಬಾರದು, ಥಟ್ಟನೆ ಸೆಳೆದುಕೊಳ್ಳುವುದಾಗಲಿ ಮೇಲಕ್ಕೆಸೆಯುವುದಾಗಲಿ ಕೂಡದು. ಇದನ್ನು ಕೇವಲ ವಾತ್ಸಲ್ಯದ ಮಾತೆಂದು ಓದಿ ಮುಂದೆ ಸಾಗುವುದುಂಟು. ಆದರೆ ಆಚಾರ್ಯನು ನಿಷೇಧಗಳಿಗೆ ಕಾರಣವನ್ನೂ ಕೊಟ್ಟಿರುವನು: ಥಟ್ಟನೆ ಎಬ್ಬಿಸಿದರೆ ಬೆದರೀತೆಂಬ ಭಯ, ಕಾಲಕ್ಕೆ ಮುನ್ನ ಕೂರಿಸಿದರೆ ಬೆನ್ನು ಗೂನಾದೀತೆಂಬ ಭಯ, ಎಸೆದರೆ ವಾತಾದಿಗಳ ವಿಘಾತದ ಭಯ. ಈ ವಾತವೆಂಬುದು ಇಲ್ಲಿ ಬರಿಯ ಪಾರಿಭಾಷಿಕ ಶಬ್ದವೋ, ಇದರ ಹಿಂದೆ ಕಂಡರಿತ ಅಪಾಯವೊಂದುಂಟೋ ಎಂಬುದು ವಿಚಾರಾರ್ಹವಾಗಿದೆ.

ಅದೇ ಸ್ಥಾನದ ಆರನೆಯ ಅಧ್ಯಾಯವು 107 ಮರ್ಮಗಳನ್ನು ಎಣಿಸಿ, ಅವುಗಳಲ್ಲಿ 37ನ್ನು ಕೊರಳು ಮತ್ತು ಅದರ ಮೇಲ್ಭಾಗದಲ್ಲಿ ಇಡುತ್ತದೆ. ಹೊರಗೆ ಕೂದಲ ಸುಳಿಯಿಂದ ಗುರುತಾಗುವ ಅಧಿಪತಿಯು ಸದ್ಯಃಪ್ರಾಣಹರ. ಕಪಾಲದ ಸಂಧಿಗಳಾದ ಐದು ಸೀಮಂತಗಳಾದರೋ ಕಾಲಾಂತರಪ್ರಾಣಹರ. ಸೀಮಂತಕ್ಕೆ ಪೆಟ್ಟು ತಗುಲಿದವನು ಉನ್ಮಾದ, ಭಯ, ಚಿತ್ತನಾಶಗಳಿಗೊಳಗಾಗಿ ಸಾಯುವನೆಂದು ಹೇಳಿದೆ. ತಲೆಯ ಪೆಟ್ಟು ಆ ಕ್ಷಣದಲ್ಲಿ ಕೊಲ್ಲದೆ ತಡೆದೂ ಕೊಲ್ಲಬಲ್ಲುದೆಂಬ ಈ ವಿವೇಕವು ಸಾಮಾನ್ಯವಾದುದಲ್ಲ.

ಚಿಕಿತ್ಸಾಸ್ಥಾನದ ಎರಡನೆಯ ಅಧ್ಯಾಯದ ಮಾತು ಇನ್ನೂ ಸ್ವಾರಸ್ಯವಾದುದು. ತಲೆಯಲ್ಲಿ ನೆಟ್ಟ ಶಲ್ಯವನ್ನು ತೆಗೆದ ಬಳಿಕ ಗಾಯದೊಳಗೆ ಕೂದಲಿನ ಬತ್ತಿಯನ್ನಿಡಬೇಕು. ಇಡದಿದ್ದರೆ ಮಸ್ತುಲುಂಗವು, ಎಂದರೆ ಮಿದುಳು, ಸ್ರವಿಸಿ, ಅನಂತರ ವಾಯುವು ಅವನನ್ನು ಕೊಲ್ಲುವುದು. ಗಾಯವು ಮಾಯುತ್ತ ಬಂದಂತೆ ಕೂದಲನ್ನು ಒಂದೊಂದಾಗಿ ಮೆಲ್ಲಗೆ ತೆಗೆಯಬೇಕು. ಕಣ್ಣಾರೆ ಕಂಡವನಲ್ಲದೆ ಇಷ್ಟು ಸೂಕ್ಷ್ಮವಾಗಿ ಬರೆಯಲಾರನು. ಇಲ್ಲಿ ಮಿದುಳಿನ ಹಾನಿಯ ತರುವಾಯ ಪ್ರಾಣವನ್ನು ಒಯ್ಯುವುದು ವಾಯುವೇ. ಕೂಸನ್ನು ಎಸೆದಾಗ ಕೆಡುವುದೂ ಅದೇ. ಎರಡು ಪ್ರಕರಣಗಳನ್ನು ಗ್ರಂಥವು ತಾನಾಗಿ ಜೋಡಿಸಿಲ್ಲ. ಆದುದರಿಂದ ಶಿಶುವಿನ ಮಿದುಳಿನ ಗಾಯವನ್ನು ಆಚಾರ್ಯನು ಅರಿತಿದ್ದನೆಂದು ಸಾಧಿಸಹೊರಡುವುದು ಅತಿರೇಕವಾದೀತು. ಅವನ ಎಚ್ಚರಿಕೆಯು ನಿರಾಧಾರವಲ್ಲವೆಂದಷ್ಟೇ ಹೇಳಬಹುದು.

ಏಕೆಂದರೆ ಆಧುನಿಕ ವೈದ್ಯವೂ ಇದೇ ಜಾಗದಲ್ಲಿ ಅಪಾಯವನ್ನು ಕಂಡಿದೆ. ಹುಟ್ಟಿದ ಕೂಸಿನ ತಲೆಯು ದೇಹದ ಉದ್ದದ ಸುಮಾರು ನಾಲ್ಕನೆಯ ಒಂದು ಭಾಗ, ಬೆಳೆದವರಲ್ಲಿ ಸುಮಾರು ಎಂಟನೆಯ ಒಂದು ಭಾಗ. ಆ ಭಾರವನ್ನು ಹೊರುವ ಕತ್ತು ಎಳೆಯದು. ಅಮೆರಿಕದ ಜಾನ್ ಕ್ಯಾಫಿ ಎಂಬ ವೈದ್ಯನು 1972 ಮತ್ತು 1974ರ ಲೇಖನಗಳಲ್ಲಿ, ಶಿಶುವನ್ನು ಬಲವಾಗಿ ಅಲುಗಾಡಿಸಿದರೆ ಹೊರಗೆ ಯಾವ ಗಾಯವೂ ಕಾಣದೆಯೇ ಮಿದುಳಿನ ಹೊದಿಕೆಯ ಕೆಳಗೆ ರಕ್ತಸ್ರಾವವಾಗಬಹುದೆಂದು ನಿರೂಪಿಸಿದನು. ಮೆಲ್ಲನೆ ಆಡಿಸುವುದಕ್ಕೆ ಇಷ್ಟು ದೋಷವಿಲ್ಲ. ಅಳು ನಿಲ್ಲದೆಂದು ಸಿಟ್ಟಿನಿಂದ ಕುಲುಕುವುದೇ ಘೋರವಾದುದು.

ಸಂಹಿತೆಯನ್ನು ತಿದ್ದಿ ಓದಬೇಕಾದ ಸ್ಥಳವೂ ಒಂದುಂಟು. ನಿದಾನಸ್ಥಾನವು ತರುಣಾಸ್ಥಿಗಳು ಬಾಗುವುವು, ಕಪಾಲಾಸ್ಥಿಗಳು ಒಡೆಯುವುವು ಎಂದು ವಿಂಗಡಿಸುತ್ತದೆ. ಹಸುಳೆಯ ಕಪಾಲವಾದರೋ ತರುಣಾಸ್ಥಿಯಂತೆ ಒಡೆಯದೆ ತಗ್ಗಾಗಿ ಬಾಗುವುದೂ ಉಂಟು. ನೆತ್ತಿಯ ಮುಂಭಾಗದ ಮೆತ್ತನೆಯ ಎಡೆಯು ಸಾಮಾನ್ಯವಾಗಿ ಎರಡು ವರ್ಷದೊಳಗೆ ಮುಚ್ಚುವವರೆಗೆ, ಅದು ಉಬ್ಬಿದರೆ ಒಳಗಿನ ಒತ್ತಡವು ಹೆಚ್ಚಿರಬಹುದೆಂದು ವೈದ್ಯರು ಊಹಿಸುವರು. ಬಿದ್ದ ಮಗುವು ಮತ್ತೆ ಮತ್ತೆ ವಾಂತಿಮಾಡಿದರೆ, ಎಬ್ಬಿಸಿದರೂ ಏಳದಂತೆ ಮಂಕಾದರೆ, ಸೆಳವು ಬಂದರೆ, ಮೂಗು ಕಿವಿಗಳಿಂದ ತಿಳಿನೀರು ಸುರಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ನೆತ್ತಿಗೆ ಎಣ್ಣೆಯೊತ್ತಿ ಕಾಯುತ್ತ ಕೂಡತಕ್ಕದ್ದಲ್ಲ.