ತಿಂಗಳುಗಟ್ಟಲೆ ನಿಂತ ಹಳೇ ಟ್ರ್ಯಾಕ್ಟರ್ ಸ್ಟಾರ್ಟ್ ಆಗ್ತಿಲ್ವಾ? ಈ ಕ್ರಮದಲ್ಲಿ ನೋಡಿ

ರೋಹಿಣಿ ಮಳೆ ಬಿದ್ದು ಹೊಲ ಹದಕ್ಕೆ ಬಂದ ದಿನ ಎಲ್ಲರಿಗೂ ಟ್ರ್ಯಾಕ್ಟರ್ ಬೇಕು. ಆವತ್ತೇ ಶೆಡ್‌ನಲ್ಲಿ ನಿಂತಿದ್ದ ಗಾಡಿ ಕೈಕೊಟ್ಟರೆ ಬಾಡಿಗೆಗೂ ಟ್ರ್ಯಾಕ್ಟರ್ ಸಿಗಲ್ಲ, ಮೆಕ್ಯಾನಿಕ್ಕೂ ಸಿಗಲ್ಲ. ಅದಕ್ಕೇ ಮಳೆಗೆ 15 ದಿನ ಮೊದಲೇ ಒಮ್ಮೆ ಸ್ಟಾರ್ಟ್ ಮಾಡಿ ನೋಡಿ. ಆಗಲಿಲ್ಲ ಅಂದ್ರೆ ಗಾಬರಿ ಬೇಡ, ಒಂದೊಂದೇ ಪರೀಕ್ಷೆ ಮಾಡ್ತಾ ಹೋಗಿ.

1. ಕೀ ತಿರುಗಿಸುವ ಮುಂಚೆ

ಇಂಜಿನ್ ಆಯಿಲ್ ಕಡ್ಡಿ ಎಳೆದು ನೋಡಿ. ಆಯಿಲ್ ಹಾಲು ಹಾಕಿದ ಕಾಫಿ ತರಹ ಇದ್ದರೆ ನೀರು ಸೇರಿದೆ ಅಂತ ಅರ್ಥ, ಸ್ಟಾರ್ಟ್ ಮಾಡಲೇಬೇಡಿ. ರೇಡಿಯೇಟರ್ ನೀರು ನೋಡಿ. ಏರ್ ಕ್ಲೀನರ್ ಮತ್ತು ಸೈಲೆನ್ಸರ್ ಬಾಯಲ್ಲಿ ಇಲಿ ಗೂಡು, ಕಣಜದ ಮಣ್ಣಿನ ಗೂಡು ಇದೆಯಾ ಗಮನಿಸಿ. ಇಲಿ ಕಡಿದ ವೈರ್‌ಗಳನ್ನೂ ಹುಡುಕಿ.

ಆಮೇಲೆ ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ, ಗೇರ್ ನ್ಯೂಟ್ರಲ್‌ಗೆ ಹಾಕಿ, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಪಾನಾ ಕೊಟ್ಟು ಇಂಜಿನ್ ತಿರುಗುವ ದಿಕ್ಕಿಗೇ ನಿಧಾನ ತಿರುಗಿಸಿ. ಬಿಗಿಯಾಗಿ ತಿರುಗಿದರೆ ಸರಿ. ಸ್ವಲ್ಪವೂ ಅಲ್ಲಾಡದಿದ್ದರೆ ಇಂಜಿನ್ ಜಾಮ್ ಆಗಿರಬಹುದು. ಇನ್ನೊಂದು ಟ್ರ್ಯಾಕ್ಟರ್ ಕಟ್ಟಿ ಎಳೆಸಬೇಡಿ. ಸಿಲಿಂಡರ್‌ನಲ್ಲಿ ನೀರಿದ್ದರೆ ಕನೆಕ್ಟಿಂಗ್ ರಾಡ್ ಬಾಗಿ, ಖರ್ಚು ಹಲವು ಪಟ್ಟು ಆಗುತ್ತೆ. ಇಲ್ಲಿ ಮೆಕ್ಯಾನಿಕ್ ಬೇಕೇ ಬೇಕು.

2. ಸೆಲ್ಫ್ ತಿರುಗ್ತಿಲ್ಲ

ಹೆಡ್‌ಲೈಟ್ ಹಾಕಿ, ಸೆಲ್ಫ್ ಹೊಡೀರಿ.

- ಲೈಟ್ ಪೂರ್ತಿ ಮಂಕಾದರೆ: ಬ್ಯಾಟರಿ ಇಳಿದಿದೆ ಅಥವಾ ಟರ್ಮಿನಲ್ ಸಡಿಲ.
- ಲೈಟ್ ಹಾಗೇ ಉರಿದು ಸೆಲ್ಫ್ ಸುಮ್ಮನಿದ್ದರೆ: ಕೀ ಸ್ವಿಚ್, ವೈರ್, ಸೊಲೆನಾಯ್ಡ್ ಅಥವಾ ಕ್ಲಚ್/ನ್ಯೂಟ್ರಲ್ ಸೇಫ್ಟಿ ಸ್ವಿಚ್ ನೋಡಿ.

ಮಲ್ಟಿಮೀಟರ್ ಇದ್ದರೆ ಇನ್ನೂ ಸುಲಭ. ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತೆ. 12ಕ್ಕಿಂತ ಕಡಿಮೆ ಇದ್ದರೆ ಚಾರ್ಜ್‌ಗೆ ಹಾಕಿ. ಚಾರ್ಜ್ ಆದ ಮೇಲೂ ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಮುಗೀತು ಅಂತಲೇ ಲೆಕ್ಕ. ಟರ್ಮಿನಲ್ ಮೇಲಿನ ಬಿಳಿ ಪುಡಿಯನ್ನು ಬಿಸಿನೀರು, ಅಡುಗೆ ಸೋಡಾದಿಂದ ತೊಳೆಯಿರಿ. ಬಾಡಿಗೆ ಕೂರುವ ಅರ್ಥ್ ವೈರ್ ಜಾಗವನ್ನೂ ಉಜ್ಜಿ.

ಸೆಲ್ಫ್‌ಗೆ ಸ್ಕ್ರೂಡ್ರೈವರ್ ಇಟ್ಟು ಶಾರ್ಟ್ ಮಾಡುವ ಅಭ್ಯಾಸ ಬಿಡಿ. ಗೇರ್‌ನಲ್ಲಿದ್ದರೆ ಟ್ರ್ಯಾಕ್ಟರ್ ನೆಗೆದು, ಪಕ್ಕದಲ್ಲಿ ನಿಂತವರ ಮೇಲೇ ಹತ್ತುತ್ತೆ.

3. ಸೆಲ್ಫ್ ಜೋರಾಗಿ ತಿರುಗುತ್ತೆ, ಇಂಜಿನ್ ಹಿಡೀತಿಲ್ಲ

ಮೊದಲು ಸ್ಟಾಪ್ ನಾಬ್ ಪೂರ್ತಿ ಒಳಗೆ ಹೋಗಿದೆಯಾ, ಟ್ಯಾಂಕಿನ ಡೀಸೆಲ್ ನಲ್ಲಿ ತೆರೆದಿದೆಯಾ ನೋಡಿ. ಒಮ್ಮೆಗೆ 10 ಸೆಕೆಂಡ್ ಮಾತ್ರ ಸೆಲ್ಫ್ ಹೊಡೆದು, ಒಂದು ನಿಮಿಷ ಬಿಡಿ. ಆಗ ಸೈಲೆನ್ಸರ್ ನೋಡಿ:

- ಹೊಗೆಯೇ ಇಲ್ಲ: ನಾಜಲ್‌ವರೆಗೆ ಡೀಸೆಲ್ ಹೋಗ್ತಿಲ್ಲ.
- ಬಿಳಿ ಹೊಗೆ: ಡೀಸೆಲ್ ಹೋಗ್ತಿದೆ, ಉರೀತಿಲ್ಲ. ಇಂಜಿನ್ ತಣ್ಣಗಿರಬಹುದು, ಕಂಪ್ರೆಷನ್ ಕಡಿಮೆ ಇರಬಹುದು, ನಾಜಲ್ ಕೆಟ್ಟಿರಬಹುದು.
- ಕಪ್ಪು ಹೊಗೆ: ಗಾಳಿ ಸಾಲ್ತಿಲ್ಲ. ಏರ್ ಕ್ಲೀನರ್ ನೋಡಿ.

ನಿಂತ ಗಾಡಿಯಲ್ಲಿ ಹೆಚ್ಚಾಗಿ ಕಾಣೋದು ಮೊದಲನೆಯದು. ಅರ್ಧ ಖಾಲಿ ಟ್ಯಾಂಕಿನಲ್ಲಿ ತೇವಾಂಶ ನೀರಾಗಿ ತಳ ಸೇರುತ್ತೆ, ಅದರಲ್ಲಿ ಲೋಳೆಯೂ ಬೆಳೆಯುತ್ತೆ. ತಳದ ಡೀಸೆಲ್ಲನ್ನು ಗಾಜಿನ ಬಾಟಲಿಗೆ ಹಿಡಿದು ಹತ್ತು ನಿಮಿಷ ಇಡಿ. ನೀರು ಕೆಳಗೆ ಬೇರೆಯಾಗಿ ನಿಲ್ಲುತ್ತೆ. ಹಾಗಾದರೆ ಟ್ಯಾಂಕ್ ಖಾಲಿ ಮಾಡಿ ತೊಳೆದು, ಫಿಲ್ಟರ್ ಬದಲಿಸಿ.

ಆಮೇಲೆ ಏರ್ ತೆಗೆಯಿರಿ. ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಹ್ಯಾಂಡ್ ಪ್ರೈಮರ್ ಒತ್ತಿ, ಬಿಗಿ ಮಾಡಿ. ನಂತರ ಡೀಸೆಲ್ ಪಂಪಿನ ಸ್ಕ್ರೂನಲ್ಲೂ ಹಾಗೇ. ಕೊನೆಗೆ ನಾಜಲ್ ಪೈಪಿನ ನಟ್ ಸಡಿಲಿಸಿ, ಆಕ್ಸಿಲರೇಟರ್ ಪೂರ್ತಿ ಕೊಟ್ಟು ಸೆಲ್ಫ್ ಹೊಡೀರಿ. ಡೀಸೆಲ್ ಚಿಮ್ಮಿದ ಮೇಲೆ ಬಿಗಿ ಮಾಡಿ. ಚಿಮ್ಮುವ ಡೀಸೆಲ್‌ಗೆ ಕೈ ಒಡ್ಡಬೇಡಿ. ಆ ಒತ್ತಡಕ್ಕೆ ಅದು ಚರ್ಮದೊಳಗೇ ನುಗ್ಗುತ್ತೆ. ಗಾಯ ಚಿಕ್ಕದಾಗಿ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಿ.

ಮೊಬೈಲ್ ಬಳಸಿ

ಏನೇ ಬಿಚ್ಚುವ ಮೊದಲು ಫೋಟೊ ತೆಗೆಯಿರಿ. ಸೆಲ್ಫ್ ಶಬ್ದ, ಹೊಗೆಯ ಬಣ್ಣ ಎರಡೂ ಬರುವ ಹಾಗೆ ವಿಡಿಯೊ ಮಾಡಿ ಮೆಕ್ಯಾನಿಕ್‌ಗೆ ವಾಟ್ಸಾಪ್ ಮಾಡಿ. ಯಾವ ಸಾಮಾನು ತರಬೇಕು ಅಂತ ಅವರಿಗೆ ಮೊದಲೇ ಅಂದಾಜು ಸಿಗುತ್ತೆ.

ಸ್ಟಾರ್ಟ್ ಆದ ಮೇಲೆ ಮುಚ್ಚಿದ ಶೆಡ್‌ನಲ್ಲಿ ಓಡಿಸಬೇಡಿ, ಹೊಗೆ ಜೀವಕ್ಕೇ ಅಪಾಯ. ಆಯಿಲ್ ಪ್ರೆಶರ್ ದೀಪ ಕೆಲವೇ ಸೆಕೆಂಡಿನಲ್ಲಿ ಆರದಿದ್ದರೆ ತಕ್ಷಣ ನಿಲ್ಲಿಸಿ. ಮುಂದಿನ ಸಲ ನಿಲ್ಲಿಸುವಾಗ ಟ್ಯಾಂಕ್ ತುಂಬಿಸಿ, ಬ್ಯಾಟರಿ ವೈರ್ ಬಿಚ್ಚಿ, ಸೈಲೆನ್ಸರ್ ಬಾಯಿಗೆ ಡಬ್ಬಿ ಮುಚ್ಚಿಡಿ. ಅರ್ಧ ಗಂಟೆಯ ಈ ಕೆಲಸ ಬಿತ್ತನೆ ದಿನ ನಿಮ್ಮನ್ನು ಉಳಿಸುತ್ತೆ.