ವಂಶವಾಹಿಯಲ್ಲಿ ಒಂದು ಅಕ್ಷರ ತಪ್ಪಿದರೆ...

ಮಗುವಿಗೆ ಹುಟ್ಟಿನಿಂದಲೇ ಕಾಯಿಲೆಯಿದೆ ಎಂದು ವೈದ್ಯರು ಹೇಳಿದಾಗ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ, "ಇದು ಯಾರ ಕಡೆಯಿಂದ ಬಂತು?" ಹೆಚ್ಚಾಗಿ ಎಲ್ಲರೂ ಸೊಸೆಯತ್ತಲೇ ಬೊಟ್ಟು ಮಾಡುತ್ತಾರೆ. ಗ್ರಹಣ ನೋಡಿದಳು, ನಜರ್ ತಗುಲಿತು ಎನ್ನುವವರು ಶಿವಮೊಗ್ಗದಲ್ಲೂ ಇದ್ದಾರೆ, ಭದ್ರಾವತಿಯಲ್ಲೂ ಇದ್ದಾರೆ. ನಿಜವಾದ ಕಾರಣ ತಿಳಿದರೆ ಒಬ್ಬ ಹೆಣ್ಣುಮಗಳ ಮೇಲಿನ ಅಪವಾದ ತಪ್ಪುತ್ತದೆ, ಮುಂದಿನ ಮಗುವಿನ ಆರೋಗ್ಯವನ್ನೂ ಕಾಪಾಡಬಹುದು.

ಮ್ಯುಟೇಷನ್ ಎಂದರೇನು?

ನಮ್ಮ ಜೀವಕೋಶಗಳಲ್ಲಿ 23 ಜೊತೆ ವರ್ಣತಂತುಗಳಿವೆ. ಪ್ರತಿ ಜೊತೆಯಲ್ಲಿ ಒಂದು ತಾಯಿಯಿಂದ, ಇನ್ನೊಂದು ತಂದೆಯಿಂದ ಬಂದದ್ದು. ದೇಹ ಕಟ್ಟುವ ಸೂಚನೆಗಳು ಅವುಗಳಲ್ಲಿ ಡಿಎನ್‌ಎಯ ನಾಲ್ಕೇ ಅಕ್ಷರಗಳಲ್ಲಿ ಬರೆದಿವೆ. ಒಂದೊಂದು ಸೂಚನೆಯೂ ಒಂದು ಜೀನ್, ಅಂದರೆ ವಂಶವಾಹಿ. ಆ ಬರಹದಲ್ಲಾಗುವ ಬದಲಾವಣೆಯೇ ಮ್ಯುಟೇಷನ್. ಇದರಲ್ಲಿ ಮುಖ್ಯವಾಗಿ ಮೂರು ಬಗೆ.

1. ಅಕ್ಷರ ಬದಲಾಗುವುದು: 'ಹಾಲು' ಎಂಬಲ್ಲಿ ಒಂದಕ್ಷರ ಬದಲಾದರೆ 'ಹಾವು' ಆಗುತ್ತದೆ. ಸಿಕಲ್ ಸೆಲ್ ರಕ್ತಹೀನತೆಗೆ ಇಂಥ ಒಂದೇ ಅಕ್ಷರದ ಬದಲಾವಣೆ ಕಾರಣ.

2. ಅಕ್ಷರ ಬಿಟ್ಟುಹೋಗುವುದು ಅಥವಾ ಸೇರಿಕೊಳ್ಳುವುದು: 'ಕಡಲೆ'ಯಲ್ಲಿ 'ಡ' ಬಿಟ್ಟುಹೋದರೆ 'ಕಲೆ'. ಡಿಎನ್‌ಎಯನ್ನು ದೇಹವು ಮೂರು ಮೂರು ಅಕ್ಷರವಾಗಿ ಓದುವುದರಿಂದ, ಒಂದು ಅಕ್ಷರ ಬಿಟ್ಟರೂ ಮುಂದಿನದೆಲ್ಲ ಅಸ್ತವ್ಯಸ್ತವಾಗುತ್ತದೆ. ಥಲಸ್ಸೇಮಿಯಾ ಈ ಎರಡೂ ಬಗೆಯ ತಪ್ಪಿನಿಂದ ಬರಬಹುದು.

3. ವರ್ಣತಂತುವೇ ಹೆಚ್ಚುಕಡಿಮೆಯಾಗುವುದು: 21ನೇ ವರ್ಣತಂತು ಎರಡಿರುವ ಬದಲು ಮೂರಿದ್ದರೆ ಡೌನ್ ಸಿಂಡ್ರೋಮ್.

ಕಾರಣಗಳು

ಜೀವಕೋಶ ಎರಡಾಗುವಾಗ ಇಡೀ ಬರಹದ ನಕಲು ಆಗಬೇಕು. ಆಗ ತಾನಾಗಿಯೇ ಕೆಲವು ತಪ್ಪುಗಳು ಉಳಿಯುತ್ತವೆ. ಇದರಲ್ಲಿ ಯಾರ ದೋಷವೂ ಇಲ್ಲ. ತಂದೆಯ ವಯಸ್ಸು ಹೆಚ್ಚಿದಂತೆ ಅಕ್ಷರದ ತಪ್ಪುಗಳು, ತಾಯಿಯ ವಯಸ್ಸು ಹೆಚ್ಚಿದಂತೆ ವರ್ಣತಂತುವಿನ ತಪ್ಪುಗಳು ಹೆಚ್ಚುತ್ತವೆ.

ಹೊರಗಿನ ಕಾರಣಗಳೂ ಇವೆ: ವಿಕಿರಣ, ಬಿಸಿಲಿನ ಅತಿನೇರಳೆ ಕಿರಣ, ಬೀಡಿ ಸಿಗರೇಟಿನ ಹೊಗೆ, ಬೂಷ್ಟು ಹಿಡಿದ ಶೇಂಗಾ ಮತ್ತು ಮೆಕ್ಕೆಜೋಳದ ವಿಷ. ನಮ್ಮದು ಅಡಿಕೆ ಬೆಳೆಯುವ ಜಿಲ್ಲೆ. ಆದರೆ ತಂಬಾಕು, ಗುಟ್ಕಾ ಮಾತ್ರವಲ್ಲ, ಬರೀ ಅಡಿಕೆ ಜಗಿಯುವುದೂ ಬಾಯಿಯ ಕ್ಯಾನ್ಸರಿಗೆ ಕಾರಣ. ಈ ಬಗೆಯ ಹಾನಿ ಬಾಯಿ, ಶ್ವಾಸಕೋಶಗಳ ಕೋಶಗಳಲ್ಲಾದರೆ ಮಕ್ಕಳಿಗೆ ದಾಟುವುದಿಲ್ಲ. ಅಂಡಾಣು ಅಥವಾ ವೀರ್ಯಾಣುವಿನಲ್ಲಿರುವ ಮ್ಯುಟೇಷನ್ ಮಾತ್ರ ಮಕ್ಕಳಿಗೆ ಹೋಗುತ್ತದೆ.

ಹಂದಿಗೋಡು ಕಲಿಸಿದ ಪಾಠ

ನಮ್ಮ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1975ರ ಸುಮಾರಿಗೆ ಒಂದು ಕಾಯಿಲೆ ಬೆಳಕಿಗೆ ಬಂತು. ಸೊಂಟ, ಮಂಡಿಗಳ ಕೀಲು ಸವೆದು ನಡೆಯಲಾಗದೆ ಬಡ ಕುಟುಂಬಗಳು ನರಳಿದವು. ಕೀಟನಾಶಕ ಸೇರಿದ ಗದ್ದೆಯ ಏಡಿ ತಿಂದದ್ದರಿಂದ ಹೀಗಾಯಿತೆಂಬ ಶಂಕೆಯೂ ಇತ್ತು. ಮುಂದಿನ ಸಂಶೋಧನೆ ಇದು ವಂಶದಲ್ಲಿ ಇಳಿದು ಬರುವ ಮೂಳೆಯ ಕಾಯಿಲೆ ಎಂದು ತೋರಿಸಿತು. ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೆ ಅದು ಬರುವ ಸಾಧ್ಯತೆ ಅರ್ಧದಷ್ಟು.

ಥಲಸ್ಸೇಮಿಯಾ ಹಾಗಲ್ಲ. ಒಬ್ಬರಿಂದ ಮಾತ್ರ ಕೆಟ್ಟ ಜೀನ್ ಬಂದರೆ ಮಗು ವಾಹಕ ಅಷ್ಟೇ, ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತದೆ. ತಂದೆ ತಾಯಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಂದರೆ ಮಗುವಿಗೆ ಕಾಯಿಲೆ ಬರಲು ತಂದೆಯ ಪಾಲೂ ಬೇಕು, ತಾಯಿಯ ಪಾಲೂ ಬೇಕು. ಸೊಸೆಯೊಬ್ಬಳನ್ನೇ ದೂರುವುದು ಅನ್ಯಾಯ.

ನಿಕಾಹ್‌ಗೆ ಮೊದಲು

ಮಾಮು, ಚಾಚಾ, ಖಾಲಾ, ಫುಪ್ಪುವಿನ ಮಕ್ಕಳಿಗೆ ಒಂದೇ ಅಜ್ಜ ಅಜ್ಜಿಯಿಂದ ಅದೇ ಕೆಟ್ಟ ಜೀನ್ ಬಂದಿರುವ ಸಂಭವ ಹೆಚ್ಚು. ಸಾಮಾನ್ಯ ದಂಪತಿಯ ಮಕ್ಕಳಲ್ಲಿ ಹುಟ್ಟು ದೋಷ 100ಕ್ಕೆ 2ರಿಂದ 3. ಇಂಥ ಸಂಬಂಧದಲ್ಲಿ ಅದು ಹೆಚ್ಚುಕಡಿಮೆ ದುಪ್ಪಟ್ಟು. ಇದು ನಮ್ಮ ಸಮುದಾಯದ ಮಾತು ಮಾತ್ರವಲ್ಲ. ಸೋದರಮಾವನಿಗೆ ಹೆಣ್ಣು ಕೊಡುವ ಕುಟುಂಬಗಳಿಗೂ ಇದು ಅನ್ವಯಿಸುತ್ತದೆ. ಧರ್ಮದಲ್ಲಿ ಇಂಥ ನಿಕಾಹ್‌ಗೆ ಅನುಮತಿಯಿದೆ, ಕಡ್ಡಾಯವಿಲ್ಲ. ಸಂಬಂಧ ಕುದುರಿಸುವ ಮೊದಲೇ ಹುಡುಗ ಹುಡುಗಿ ಇಬ್ಬರಿಗೂ ರಕ್ತಪರೀಕ್ಷೆ ಮಾಡಿಸಿ. ಸಿಬಿಸಿ ಜೊತೆಗೆ ಎಚ್‌ಬಿ ಎ2 ಪರೀಕ್ಷೆ ಮಾಡಿದರೆ ಬೀಟಾ ಥಲಸ್ಸೇಮಿಯಾ ವಾಹಕರು ತಿಳಿಯುತ್ತಾರೆ. ವಾಹಕರಾದವರು ಮದುವೆಯಾಗಬಾರದೆಂದಿಲ್ಲ. ವಾಹಕರಲ್ಲದವರನ್ನು ಮದುವೆಯಾದರೆ ಮಕ್ಕಳಿಗೆ ಈ ಕಾಯಿಲೆಯ ಭಯವಿಲ್ಲ.

ಒಂದು ಎಚ್ಚರಿಕೆ

ಮಗು ಬಿಳಿಚಿಕೊಂಡಿದೆ ಎಂದು ಕಾರಣ ತಿಳಿಯದೆ ಶರ್ಬತ್ ಫೌಲಾದ್, ಕುಷ್ತಾ ಫೌಲಾದ್ ಅಥವಾ ಇಂಗ್ಲಿಷ್ ಔಷಧಿಯ ಐರನ್ ಟಾನಿಕ್ ಕೊಡಬೇಡಿ. ಇವೆಲ್ಲ ಕಬ್ಬಿಣವೇ. ಪದೇ ಪದೇ ರಕ್ತ ಹಾಕಿಸಿಕೊಳ್ಳುವ ಥಲಸ್ಸೇಮಿಯಾ ಮಗುವಿನಲ್ಲಿ ಕಬ್ಬಿಣ ಮೊದಲೇ ಹೆಚ್ಚಿ ಹೃದಯ, ಯಕೃತ್ತುಗಳಲ್ಲಿ ಸೇರಿಕೊಳ್ಳುತ್ತದೆ. ಜೀನ್‌ನ ಅಕ್ಷರವನ್ನು ತಿದ್ದುವ ಮಾಜೂನ್ ಯುನಾನಿಯಲ್ಲಿ ಇಲ್ಲ. ಹಾಗೆ ಹೇಳಿ ಹಣ ಕೇಳುವವರನ್ನು ನಂಬಬೇಡಿ. ರಕ್ತ ಹಾಕಿಸುವುದನ್ನು, ಕಬ್ಬಿಣ ಇಳಿಸುವ ಮಾತ್ರೆಯನ್ನು ನಿಲ್ಲಿಸಬೇಡಿ.

ಚಿಕಿತ್ಸೆ ಪಡೆಯಿರಿ ಎಂಬುದು ಪ್ರವಾದಿ(ಸ)ರ ಬೋಧನೆ. ಚಿಕಿತ್ಸೆಗಿಂತ ಮೊದಲಿನದು ಪರೀಕ್ಷೆ. ಮದುವೆ ಮಾತುಕತೆಗೆ ಕೂರುವಾಗ ಮಹರ್, ಹಾಲ್, ಊಟದ ಜೊತೆ ಈ ವಿಷಯವನ್ನೂ ಸಂಕೋಚವಿಲ್ಲದೆ ಕೇಳಿ. ಅಲ್ಲಾಹನು ನಮ್ಮ ಮಕ್ಕಳಿಗೆ ಆರೋಗ್ಯ ಕರುಣಿಸಲಿ.